ಆಪರೇಷನ್ನಿಗೆ ಕಾರ್ಡಿದೆ, ಮಾತ್ರೆಗೆ ಏನಿದೆ?

ಕೋಲಾರದ ಹಳ್ಳಿಗಳಲ್ಲಿ ಯಾರಿಗಾದರೂ ಎದೆನೋವು ಕಾಣಿಸಿಕೊಂಡು ಬೆಂಗಳೂರಿನ ಜಯದೇವಕ್ಕೆ ಹೊರಡಬೇಕಾಗಿ ಬಂದರೆ, ಮನೆಯವರು ಬಟ್ಟೆಬರೆಗಿಂತ ಮೊದಲು ಹುಡುಕುವುದು ಬಿಪಿಎಲ್ ಕಾರ್ಡನ್ನು. ಈ ರೂಢಿ ಬೆಳೆದದ್ದು ಕಳೆದ ಇಪ್ಪತ್ತು ವರ್ಷಗಳಲ್ಲಿ.

ಶುರುವಾದದ್ದು 2003ರ ಯಶಸ್ವಿನಿ ಆರೋಗ್ಯ ವಿಮೆಯಿಂದ. ಡಾ. ದೇವಿ ಶೆಟ್ಟಿಯವರ ಆಲೋಚನೆಗೆ ಸರ್ಕಾರ ಕೈಜೋಡಿಸಿತು. ಸಹಕಾರ ಸಂಘದ ಸದಸ್ಯರು ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ಕಟ್ಟಿದರೆ ದೊಡ್ಡ ಆಪರೇಷನ್ನಿನ ಖರ್ಚೂ ತಲೆಯ ಮೇಲಿಂದ ಇಳಿಯುತ್ತಿತ್ತು. ಊರೂರಿಗೂ ಹಾಲಿನ ಡೇರಿ ಇರುವ ಕೋಲಾರ, ಚಿಕ್ಕಬಳ್ಳಾಪುರ ಸೀಮೆಗೆ ಹೇಳಿ ಮಾಡಿಸಿದ ಏರ್ಪಾಡು ಅದು. ಆದರೆ ಹಸುವೂ ಇಲ್ಲದ, ಯಾವ ಸಂಘಕ್ಕೂ ಸೇರದ ಕೂಲಿಯವರು ಹೊರಗೇ ಉಳಿದರು.

ಅವರನ್ನೂ ಒಳಗೆ ತಂದದ್ದು 2010ರ ವಾಜಪೇಯಿ ಆರೋಗ್ಯಶ್ರೀ. ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗಳಿಗೆ ಬಿಪಿಎಲ್ ಕುಟುಂಬ ಒಂದು ಪೈಸೆಯನ್ನೂ ಕಟ್ಟಬೇಕಿರಲಿಲ್ಲ. ಮೊದಲು ಕಲಬುರಗಿ ವಿಭಾಗಕ್ಕೆ, ಆಮೇಲೆ ಬೆಳಗಾವಿ ವಿಭಾಗಕ್ಕೆ ಬಂತು. ಕೋಲಾರ, ತುಮಕೂರು ಸೇರಿದ ಬೆಂಗಳೂರು ವಿಭಾಗ 2012ರವರೆಗೆ ಕಾಯಬೇಕಾಯಿತು.

ಹೀಗೆ ಹಂತ ಹಂತವಾಗಿ ಬಂದದ್ದರಿಂದ ಸಂಶೋಧಕರಿಗೆ ಅಪರೂಪದ ಅವಕಾಶ ಸಿಕ್ಕಿತು. ಯೋಜನೆ ಸಿಕ್ಕ ಹಳ್ಳಿಗಳನ್ನೂ ಗಡಿಯ ಈಚೆಗೆ ಇನ್ನೂ ಸಿಗದ ಹಳ್ಳಿಗಳನ್ನೂ ಜೋಡಿಸಿ, 572 ಊರುಗಳ ಸುಮಾರು 60 ಸಾವಿರ ಕುಟುಂಬಗಳನ್ನು ಮಾತನಾಡಿಸಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಫಲಿತಾಂಶ ಪ್ರಕಟಿಸಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾದ ಸಾವು, ಯೋಜನೆ ಇಲ್ಲದ ಊರುಗಳ ಬಡ ಕುಟುಂಬಗಳಲ್ಲಿ ಶೇ 0.90, ಇದ್ದ ಊರುಗಳಲ್ಲಿ ಶೇ 0.32. ಯೋಜನೆಗೆ ಸೇರದ ಎಪಿಎಲ್ ಕುಟುಂಬಗಳಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಊರಿನ ಗುಣದಿಂದಲ್ಲ, ಯೋಜನೆಯಿಂದಲೇ ಜೀವ ಉಳಿದಿತ್ತು. ನಮ್ಮ ಸರ್ಕಾರಿ ಯೋಜನೆಗಳಲ್ಲಿ ಇಷ್ಟು ಗಟ್ಟಿಯಾದ ಪುರಾವೆ ಇರುವುದು ಬಹಳ ಕಡಿಮೆ.

2018ರಲ್ಲಿ ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಆಯುಷ್ಮಾನ್ ಭಾರತದ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್‌ನವರಿಗೆ ಖರ್ಚಿನ ಶೇ 30ರಷ್ಟು ನೆರವು.

ಇವೆಲ್ಲವೂ ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ. ಬಿಪಿ, ಶುಗರ್ ಇರುವವರ ಖರ್ಚು ಪ್ರತಿ ತಿಂಗಳದ್ದು. ಮೆಡಿಕಲ್ ಶಾಪಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಗೊತ್ತಾಗುತ್ತದೆ: ವಯಸ್ಸಾದ ಹೆಂಗಸೊಬ್ಬರು ಸೆರಗಿನ ಗಂಟು ಬಿಚ್ಚಿ, ‘ಒಂದು ವಾರದ್ದು ಕೊಡಪ್ಪ, ಸಾಕು’ ಅನ್ನುತ್ತಾರೆ. ಅಂಗಡಿಯವನು ಕತ್ತರಿ ತೆಗೆದು ಸ್ಟ್ರಿಪ್ಪಿನಿಂದ ಏಳು ಮಾತ್ರೆ ಕತ್ತರಿಸಿ ಕೊಡುತ್ತಾನೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಉಚಿತವೇ, ಆದರೆ ಅಲ್ಲಿಗೆ ಹೋಗಿಬಂದರೆ ಅರ್ಧ ದಿನದ ಕೂಲಿ ಹೋಯಿತು. ನಡುವೆ ಮಾತ್ರೆ ತಪ್ಪುತ್ತದೆ. ಹೀಗೆ ವರ್ಷಗಟ್ಟಲೆ ತಪ್ಪಿದವರಿಗೆ ಲಕ್ವ ಹೊಡೆದಾಗ, ಕಿಡ್ನಿ ಕೈಕೊಟ್ಟಾಗ ಕಾರ್ಡು ಕೆಲಸಕ್ಕೆ ಬರುತ್ತದೆ. ಇಷ್ಟು ತಡವಾಗಿ ಬರುವ ನೆರವಿಗೆ ಸರ್ಕಾರ ತೆರುವ ಬೆಲೆಯೂ ದೊಡ್ಡದು, ಆ ಮನೆ ತೆರುವ ಬೆಲೆ ಇನ್ನೂ ದೊಡ್ಡದು.

ಅದಕ್ಕೇ 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಶುರುವಾದ ‘ಗೃಹ ಆರೋಗ್ಯ’ ನನಗೆ ಮುಖ್ಯವಾಗಿ ಕಾಣುತ್ತದೆ. ಆರೋಗ್ಯ ಸಿಬ್ಬಂದಿಯೇ ಮನೆಗೆ ಬಂದು ಬಿಪಿ, ಶುಗರ್, ಬಾಯಿಯ ಕ್ಯಾನ್ಸರ್ ಸೇರಿ 14 ಕಾಯಿಲೆಗಳ ತಪಾಸಣೆ ಮಾಡಬೇಕು, ಬಿಪಿ–ಶುಗರ್ ಮಾತ್ರೆ ಮನೆಗೇ ತಲುಪಿಸಬೇಕು.

ಆದರೆ ಎಷ್ಟು ಜನರ ತಪಾಸಣೆಯಾಯಿತು ಎಂಬ ಸಂಖ್ಯೆಯಿಂದ ಇದರ ಗೆಲುವನ್ನು ಅಳೆಯಲಾಗದು. ಆರೋಗ್ಯಶ್ರೀಗೆ ಮಾಡಿದಂತೆ ಇಲ್ಲಿಯೂ ಮನೆಮನೆಗೆ ಹೋಗಿ ಕೇಳಬೇಕು: ವರ್ಷ ಕಳೆದ ಮೇಲೂ ಮಾತ್ರೆ ಬಿಡದೆ ನುಂಗುತ್ತಿರುವವರು ಎಷ್ಟು, ಬಿಪಿ ಹತೋಟಿಗೆ ಬಂದವರು ಎಷ್ಟು, ಔಷಧಿ ಅಂಗಡಿಗೆ ಹೋಗುತ್ತಿದ್ದ ದುಡ್ಡಿನಲ್ಲಿ ಮನೆಯಲ್ಲೇ ಉಳಿದದ್ದು ಎಷ್ಟು. ಕೇಳುವವರು ಮಾತ್ರೆ ಹಂಚುವ ಇಲಾಖೆಯವರೇ ಆಗಿರಬಾರದು.