ಪದ ಪರಿಚಯ: ನೀರಿನ ತೂಕ

2024ರ ಆಗಸ್ಟ್ 6ರ ಬೆಳಗ್ಗೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತೂಕ ಕೊಟ್ಟ ವಿನೇಶ್ ಫೋಗಟ್, 50 ಕೆ.ಜಿ. ವಿಭಾಗದಲ್ಲಿ ಒಂದೇ ದಿನ ಮೂರು ಕುಸ್ತಿ ಗೆದ್ದು ಫೈನಲ್ ತಲುಪಿದರು. ಆ ಸಂಜೆಗೆ ಅವರ ತೂಕ ಮಿತಿಗಿಂತ 2.7 ಕೆ.ಜಿ. ಹೆಚ್ಚಿತ್ತು ಎಂದು ಭಾರತ ತಂಡದ ವೈದ್ಯರು ಆಮೇಲೆ ಹೇಳಿದರು. ರಾತ್ರಿಯಿಡೀ ವ್ಯಾಯಾಮ, ಬೆವರಿಳಿಸಲು ಸೌನಾ, ಕೊನೆಗೆ ತಲೆಗೂದಲಿಗೂ ಕತ್ತರಿ. ಇಷ್ಟಾದರೂ ಮರುದಿನ ಬೆಳಗ್ಗೆ 100 ಗ್ರಾಂ ಉಳಿದೇಬಿಟ್ಟಿತು, ಪದಕ ಕೈತಪ್ಪಿತು. ದೇಶವೆಲ್ಲ ಆ ನೂರು ಗ್ರಾಮಿನ ಬಗ್ಗೆಯೇ ಮಾತಾಡಿತು. ಆದರೆ ಡಯಟ್ ಮಾಡುವವರು ನೋಡಬೇಕಾದದ್ದು ಉಳಿದ 2.6 ಕೆ.ಜಿ.ಯನ್ನು. ಹಗಲಿನಲ್ಲಿ ಏರಿ ರಾತ್ರಿ ಕಳೆಯುವುದರೊಳಗೆ ಇಳಿದ ಅಷ್ಟು ತೂಕ ಕೊಬ್ಬಾಗಿರಲು ಸಾಧ್ಯವೇ ಇಲ್ಲ. ಕುಡಿದ ನೀರು, ತಿಂದ ಆಹಾರ, ಮೈ ಹಿಡಿದಿಟ್ಟುಕೊಂಡ ದ್ರವ ಇವೇ ಅದರ ಬಹುಪಾಲು. ಜಿಮ್‌ನವರು ‘ವಾಟರ್ ವೇಟ್’ ಎನ್ನುವುದು, ನಾವು ನೀರಿನ ತೂಕ ಎನ್ನಬಹುದಾದದ್ದು ಇದನ್ನೇ.

ವಯಸ್ಕರ ಮೈತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ನೀರೇ. 70 ಕೆ.ಜಿ. ತೂಗುವ ಗಂಡಸಿನ ಮೈಯಲ್ಲಿ ಸುಮಾರು 40 ಲೀಟರ್ ಇರುತ್ತದೆ. ಅಷ್ಟರಲ್ಲಿ ಒಂದೆರಡು ಲೀಟರ್ ಹೆಚ್ಚುಕಡಿಮೆ ಆಗುವುದು ಕಾಯಿಲೆಯೂ ಅಲ್ಲ, ಡಯಟ್ ಕೆಟ್ಟಿತೆಂಬುದರ ಗುರುತೂ ಅಲ್ಲ. ನಿದ್ದೆಯಲ್ಲೂ ಉಸಿರು ಮತ್ತು ಚರ್ಮದ ಮೂಲಕ ನೀರು ಹೋಗುತ್ತಲೇ ಇರುತ್ತದೆ. ರಾತ್ರಿಗಿಂತ ಬೆಳಗಿನ ತೂಕ ಕಡಿಮೆ ಬರುವುದು ಅದಕ್ಕೇ.

ಕೊಬ್ಬಿನ ಲೆಕ್ಕವೇ ಬೇರೆ. ಒಂದು ಕೆ.ಜಿ. ಮೈಕೊಬ್ಬಿನಲ್ಲಿ ಅಡಗಿರುವುದು ಸುಮಾರು 7700 ಕ್ಯಾಲೊರಿ. ಮದುವೆಮನೆಯಲ್ಲಿ ಎಷ್ಟೇ ಹೋಳಿಗೆ ಹೊಡೆದರೂ, ದಿನದ ಅಗತ್ಯ ಕಳೆದು ಮೇಲೆ 7700 ಕ್ಯಾಲೊರಿ ತಿನ್ನುವುದು ಸುಲಭದ ಮಾತಲ್ಲ. ಇಳಿಕೆಗೂ ಇದೇ ಲೆಕ್ಕ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ಕರಗುವ ಕೊಬ್ಬು ಸುಮಾರು 65 ಗ್ರಾಂ. ಮನೆಯ ತೂಕದ ಮಷೀನುಗಳಲ್ಲಿ ಹೆಚ್ಚಿನವು 100 ಗ್ರಾಮಿಗಿಂತ ಸಣ್ಣದನ್ನು ತೋರಿಸುವುದೇ ಇಲ್ಲ. ಅಂದರೆ ನಿನ್ನೆಯ ಕಟ್ಟುನಿಟ್ಟಿನ ಡಯಟ್ಟಿನ ಫಲವನ್ನು ಇವತ್ತು ಬೆಳಗ್ಗೆ ಆ ಮಷೀನ್ ಕಾಣುವುದೇ ಇಲ್ಲ. ಅದು ತೋರಿಸುವ ಏರಿಳಿತದಲ್ಲಿ ಬಹುಪಾಲು ನೀರು, ಮಿಕ್ಕದ್ದು ಹೊಟ್ಟೆಯಲ್ಲಿರುವ ಊಟ.

ಈ ನೀರನ್ನು ಹಿಡಿದಿಡುವವರಲ್ಲಿ ಮೊದಲನೆಯದು ಗ್ಲೈಕೊಜೆನ್. ಅನ್ನ, ಮುದ್ದೆ, ಚಪಾತಿಗಳಿಂದ ಬಂದ ಪಿಷ್ಟ ಸಕ್ಕರೆಯಾಗಿ, ತಕ್ಷಣ ಖರ್ಚಾಗದೆ ಉಳಿದದ್ದರಲ್ಲಿ ಒಂದಷ್ಟು ಈ ರೂಪದಲ್ಲಿ ಪಿತ್ತಜನಕಾಂಗದಲ್ಲೂ ಸ್ನಾಯುಗಳಲ್ಲೂ ಕೂತಿರುತ್ತದೆ. ಒಟ್ಟು ಅರ್ಧ ಕೆ.ಜಿ. ಆಸುಪಾಸು. ಆದರೆ ಅದು ಒಂಟಿಯಾಗಿ ಕೂರುವುದಿಲ್ಲ. ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನು ಜೊತೆಗಿಟ್ಟುಕೊಂಡೇ ಕೂರುತ್ತದೆ. ‘ಅನ್ನ ಬಿಟ್ಟೆ, ಒಂದೇ ವಾರಕ್ಕೆ ಎರಡು ಕೆ.ಜಿ. ಇಳಿದೆ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ದಾಸ್ತಾನು ಖಾಲಿಯಾಗಿದೆ, ಅದರ ನೀರು ಮೂತ್ರದಲ್ಲಿ ಹೋಗಿದೆ, ಅಷ್ಟೆ. ಏಕಾದಶಿ ಮಾಡುವವರು ದ್ವಾದಶಿ ಪಾರಣೆಗೆ ಮೊದಲು ಮಷೀನ್ ಹತ್ತಿದರೆ ಕೆ.ಜಿ.ಯಷ್ಟು ಕಡಿಮೆ ಕಂಡೀತು. ಎರಡು ದಿನ ಎಂದಿನಂತೆ ಉಂಡ ಮೇಲೆ ಅದು ತಿರುಗಿ ಹಾಜರ್. ‘ಏಳೇ ದಿನದಲ್ಲಿ ಮೂರು ಕೆ.ಜಿ.’ ಎಂದು ಬೋರ್ಡ್ ಹಾಕುವವರ ಬಂಡವಾಳವೂ ಇದೇ ಎಂದು ನನ್ನ ಗುಮಾನಿ. ದುಡ್ಡು ಕೊಟ್ಟವರಿಗೆ ಮೊದಲ ವಾರ ಖುಷಿಯೋ ಖುಷಿ, ಮೂರನೆಯ ವಾರ ತಾವೇ ಏನೋ ತಪ್ಪು ಮಾಡಿದೆವೆಂಬ ಕೊರಗು.

ಎರಡನೆಯದು ಉಪ್ಪು. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿಯ ಮೇಲೆ 0.9% ಎಂದು ಬರೆದಿರುತ್ತದೆ. ಲೀಟರಿಗೆ 9 ಗ್ರಾಂ ಉಪ್ಪು ಎಂದರ್ಥ. ನಮ್ಮ ರಕ್ತದ ಹದಕ್ಕೆ ಅದು ಹೊಂದುತ್ತದೆ, ಆ ಹದ ತಪ್ಪದಂತೆ ಮೈ ಜಾಗ್ರತೆ ವಹಿಸುತ್ತದೆ. ಹಾಗಾಗಿ ಊಟದಲ್ಲಿ ನಾಲ್ಕೈದು ಗ್ರಾಂ ಉಪ್ಪು ಹೆಚ್ಚಿಗೆ ಒಳಗೆ ಹೋದರೆ, ಮೂತ್ರಪಿಂಡಗಳು ಅದನ್ನು ಹೊರಹಾಕುವವರೆಗೆ ಅರ್ಧ ಲೀಟರಿನಷ್ಟು ನೀರು ಅದರ ಜೊತೆ ಒಳಗೇ ಉಳಿದುಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಡೀ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು. ಉಪ್ಪಿನಕಾಯಿ, ಹಪ್ಪಳ, ಎರಡು ಸಲ ಬಡಿಸಿಕೊಂಡ ಬಿಸಿಬೇಳೆಬಾತು, ಮೇಲೊಂದು ಲೋಟ ಮಸಾಲೆ ಮಜ್ಜಿಗೆ: ಒಂದೇ ಊಟದಲ್ಲಿ ಆ ಗೆರೆ ದಾಟುವುದು ಕಷ್ಟವಲ್ಲ. ಮಾರನೆಯ ಬೆಳಗ್ಗೆ ಉಂಗುರ ಬಿಗಿಯಾಗಿರುತ್ತದೆ, ಒಂದೆರಡು ದಿನದಲ್ಲಿ ಸಡಿಲವಾಗುತ್ತದೆ.

ಜನ ಹೆಚ್ಚು ಕಂಗಾಲಾಗುವುದು ಮೂರನೆಯದಕ್ಕೆ. ಊಟ ಕಡಿಮೆ ಮಾಡಿ, ಜಿಮ್ಮಿಗೂ ಸೇರಿ, ಹತ್ತು ದಿನ ಬೆವರು ಸುರಿಸಿದ ಮೇಲೆ ನೋಡಿದರೆ ತೂಕ ಒಂದು ಕೆ.ಜಿ. ಜಾಸ್ತಿ! ಇಲ್ಲಿ ನಡೆದಿರುವುದು ಇಷ್ಟು. ರೂಢಿಯಿಲ್ಲದ ಸ್ನಾಯುವಿನ ಮೇಲೆ ಹೊರೆ ಬಿದ್ದಾಗ ಅದರ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗುತ್ತದೆ. ರಿಪೇರಿಗೆಂದು ಆ ಜಾಗಕ್ಕೆ ದ್ರವ ಹರಿದುಬಂದು ಒಳಗೊಳಗೇ ಊದಿಕೊಳ್ಳುತ್ತದೆ. ಸ್ನಾಯು ಎತ್ತುವಾಗಿನ ಕೆಲಸಕ್ಕಿಂತ, ಭಾರ ತಡೆಯುತ್ತಾ ಹಿಗ್ಗುವಾಗಿನ ಕೆಲಸದಲ್ಲಿ ಈ ಪೆಟ್ಟು ಹೆಚ್ಚು. ಬಸ್ಕಿಯಲ್ಲಿ ಏಳುವಾಗಿಗಿಂತ ನಿಧಾನವಾಗಿ ಕೂರುವಾಗ, ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಹತ್ತುವಾಗಿಗಿಂತ ಇಳಿಯುವಾಗ. ಏದುಸಿರು ಬಿಡಿಸುವುದು ಹತ್ತುವುದೇ. ಆದರೆ ಎರಡು ದಿನ ಬಿಟ್ಟು ಬಸ್ಸಿನಿಂದ ಇಳಿಯುವಾಗ ‘ಅಯ್ಯಪ್ಪಾ’ ಎನಿಸುವ ತೊಡೆನೋವು ಹೆಚ್ಚಾಗಿ ಇಳಿದದ್ದರ ಫಲ. ಆ ನೋವು ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಜೋರಾಗಿರುತ್ತದೆ. ನೋವಿನ ಜೊತೆ ನೀರೂ ಅಲ್ಲೇ ಇರುತ್ತದೆ.

ಅದಲ್ಲದೆ, ದಿನವೂ ದುಡಿಯತೊಡಗಿದ ಸ್ನಾಯು ಮೊದಲಿಗಿಂತ ಹೆಚ್ಚು ಗ್ಲೈಕೊಜೆನ್ ಕೂಡಿಡಲು ಕಲಿಯುತ್ತದೆ. ಅದರ ನೀರಿನ ಲೆಕ್ಕ ಮೇಲೆಯೇ ಹೇಳಿದ್ದಾಯಿತು. ಓಟ, ಸೈಕಲ್ ಶುರು ಮಾಡಿದವರಲ್ಲಿ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗವೂ ಹೆಚ್ಚುತ್ತದೆ. ಇವೆಲ್ಲ ಮೈ ಒಗ್ಗಿಕೊಳ್ಳುತ್ತಿರುವುದರ ಗುರುತು. ಸ್ನಾಯುಬಲಕ್ಕೆಂದು ಜಿಮ್‌ನವರು ಬಳಸುವ ಕ್ರಿಯಾಟಿನ್ ಪುಡಿ ತೆಗೆದುಕೊಳ್ಳುವವರಿಗೆ ಇದರ ಮೇಲೆ ಇನ್ನೊಂದು ಕೆ.ಜಿ. ಸೇರಬಹುದು, ಅದೂ ನೀರೇ. ‘ಕೊಬ್ಬು ಹೋಯಿತು ಸಾರ್, ಮಸಲ್ ಬಂತು’ ಎಂದು ಟ್ರೇನರ್ ಸಮಾಧಾನ ಹೇಳುತ್ತಾನೆ. ಕೇಳಲು ಹಿತವಾಗಿದೆ, ಆದರೆ ಹತ್ತು ದಿನದಲ್ಲಿ ಒಂದು ಕೆ.ಜಿ. ಸ್ನಾಯು ಯಾರಿಗೂ ಬೆಳೆಯುವುದಿಲ್ಲ.

ಹೆಂಗಸರಿಗೆ ಇದರ ಜೊತೆ ತಿಂಗಳ ಚಕ್ರವೂ ಸೇರಿಕೊಳ್ಳುತ್ತದೆ. ಮುಟ್ಟಿಗೆ ಮೊದಲಿನ ದಿನಗಳಲ್ಲಿ ಒಂದೆರಡು ಕೆ.ಜಿ. ಏರಿ, ಶುರುವಾದ ಕೆಲ ದಿನಗಳಲ್ಲಿ ಇಳಿಯುವುದು ಹಲವರ ಅನುಭವ. ಅಂಥವರು ಈ ವಾರವನ್ನು ಹೋದ ವಾರಕ್ಕೆ ಹೋಲಿಸಿದರೆ ಮೋಸಹೋಗುತ್ತಾರೆ. ಹೋದ ತಿಂಗಳ ಅದೇ ಹೊತ್ತಿಗೆ ಹೋಲಿಸಬೇಕು. ಗಂಡಹೆಂಡತಿ ಒಂದೇ ಡಯಟ್ ಶುರು ಮಾಡಿ ದಿನಾ ತೂಕ ಹೋಲಿಸಿಕೊಳ್ಳುವುದಂತೂ ಮನೆಯಲ್ಲಿ ಜಗಳಕ್ಕೆ ಮುಹೂರ್ತವಿಟ್ಟಂತೆ.

ಹಾಗಾದರೆ ನಿಜವಾದ ಇಳಿಕೆ ಕಾಣುವುದೆಲ್ಲಿ? ವಾರದ ಸರಾಸರಿಯಲ್ಲಿ. ಬೆಳಗ್ಗೆ ಎದ್ದು ಶೌಚ ಮುಗಿಸಿ, ಕಾಫಿಗೆ ಮೊದಲು, ಅದೇ ಮಷೀನ್ ಮೇಲೆ ನಿಂತು ಬರೆದಿಟ್ಟುಕೊಳ್ಳಿ. ಒಬ್ಬರ ಒಂದು ವಾರ ಹೀಗಿದೆ ಎಂದುಕೊಳ್ಳೋಣ: ಸೋಮವಾರ 78.4, ಆಮೇಲೆ 78.1, ಮಂಗಳವಾರ ರಾತ್ರಿಯ ಆರತಕ್ಷತೆ ಊಟದಿಂದ ಬುಧವಾರ 79.0, ಮುಂದೆ 78.8, 78.3, 78.0, 78.9. ಮುಂದಿನ ವಾರ 78.6, 78.2, 77.9, 77.7, 78.5, 78.3, 77.5. ಸೋಮವಾರಕ್ಕೆ ಸೋಮವಾರ ಹೋಲಿಸಿದರೆ 200 ಗ್ರಾಂ ಏರಿದೆ; ಡಯಟ್ ಬಿಡಲು ಅಷ್ಟೇ ಸಾಕು. ಸರಾಸರಿ ತೆಗೆದರೆ ಮೊದಲ ವಾರ 78.5, ಎರಡನೆಯ ವಾರ 78.1. ಅಂದರೆ 400 ಗ್ರಾಂ ಇಳಿಕೆ. ದಿನಕ್ಕೆ 65 ಗ್ರಾಮಿನ ಲೆಕ್ಕಕ್ಕೆ ಹತ್ತಿರವೇ. ವಾರಕ್ಕೊಮ್ಮೆ ಮಾತ್ರ ತೂಕ ನೋಡಿ ಎಂಬ ಸಲಹೆ ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ: ಆ ಒಂದು ದಿನ ಬುಧವಾರವಾದರೆ? ದಿನಾ ಅಂಕಿ ನೋಡಿ ಮನಸ್ಸು ಕುಗ್ಗುವವರು ಮಾತ್ರ ಸೊಂಟದ ಅಳತೆಗೆ ಟೇಪು ಹಿಡಿಯುವುದು ಮೇಲು. ಕೊಬ್ಬಿನ ಶೇಕಡಾವಾರು ತೋರಿಸುವ ಸ್ಮಾರ್ಟ್ ಮಷೀನನ್ನೂ ಪೂರ್ತಿ ನಂಬಬೇಡಿ. ಅದು ಅಂಗಾಲಿನಿಂದ ಸಣ್ಣ ವಿದ್ಯುತ್ ಹರಿಸಿ ಅಂದಾಜು ಕಟ್ಟುತ್ತದೆ, ಆ ಅಂದಾಜೂ ಮೈಯಲ್ಲಿರುವ ನೀರಿನ ಜೊತೆ ಏರುಪೇರಾಗುತ್ತದೆ.

ನೀರಿನ ಮೇಲೆ ತಪ್ಪು ಹೊರಿಸುವುದಕ್ಕೂ ಗಡುವಿದೆ. ಹೊಸ ವ್ಯಾಯಾಮದ ಮೊದಲ ಮೂರ್ನಾಲ್ಕು ವಾರ ಆ ವಾದ ನಿಲ್ಲುತ್ತದೆ. ಎರಡು ತಿಂಗಳಾದರೂ ಸರಾಸರಿ ಕದಲದಿದ್ದರೆ ಮೊದಲು ಒಗ್ಗರಣೆಯ ಎಣ್ಣೆ, ಸಂಜೆಯ ಕುರುಕಲುಗಳ ಲೆಕ್ಕ ಹಾಕಬೇಕು. ಬೇಗ ಇಳಿಯಲೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವುದು ಅಪಾಯ. ಅದು ಪೊಟ್ಯಾಸಿಯಂ ಕೆಡಿಸಿ ಹೃದಯದ ಬಡಿತವನ್ನೇ ತಪ್ಪಿಸಬಲ್ಲದು, ಕೊಬ್ಬನ್ನು ಒಂದು ಗ್ರಾಮೂ ಕರಗಿಸದು. ಇನ್ನು ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೇಖನದ ಸಮಾಧಾನ ಸಲ್ಲದು. ಅವರ ತೂಕ ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ, ಪಾದ ಊದಿ ಒತ್ತಿದಲ್ಲಿ ಗುಳಿ ಉಳಿದರೆ, ಮಲಗಿದಾಗ ಉಸಿರು ಕಟ್ಟಿದರೆ, ಸರಾಸರಿಗೆ ಕಾಯದೆ ಅಂದೇ ಡಾಕ್ಟರನ್ನು ಕಾಣಬೇಕು.