1582ರ ಅಕ್ಟೋಬರ್‌ನಲ್ಲಿ ಹತ್ತು ದಿನ ಎಲ್ಲಿ ಹೋದವು?

ಪ್ರಶ್ನೆ: ಮೊಬೈಲಿನ ಕ್ಯಾಲೆಂಡರನ್ನು ಹಿಂದಕ್ಕೆ ತಳ್ಳುತ್ತಾ 1582ರ ಅಕ್ಟೋಬರ್‌ಗೆ ಹೋದರೆ 4ರ ಪಕ್ಕದಲ್ಲೇ 15 ಕೂತಿದೆ. ಇದು ಆ್ಯಪ್‌ನ ತಪ್ಪಾ? ನಡುವಿನ ಹತ್ತು ದಿನ ಏನಾದವು?

ಆ್ಯಪ್ ಸರಿಯಾಗೇ ಇದೆ. ತಾರೀಖು ಬಿಡಿ, ವಾರ ನೋಡಿ. ಅಕ್ಟೋಬರ್ 4 ಗುರುವಾರ, 15 ಶುಕ್ರವಾರ. ರೋಮ್‌ನ ಜನ ಗುರುವಾರ ರಾತ್ರಿ ಮಲಗಿ ಶುಕ್ರವಾರ ಬೆಳಿಗ್ಗೆ ಎದ್ದರು, ಅಷ್ಟೇ. ಯಾರ ಆಯಸ್ಸಿನಲ್ಲೂ ಹತ್ತು ದಿನ ಕಮ್ಮಿಯಾಗಲಿಲ್ಲ. ಪಂಚಾಂಗ ನೋಡುವ ಮನೆಯವರಿಗೆ ಇದು ತೀರಾ ಹೊಸದೂ ಅಲ್ಲ. ಕ್ಷಯ ತಿಥಿ ಬಂದರೆ ಪಂಚಮಿಯ ಮಾರನೇ ದಿನ ಸಪ್ತಮಿ. ಷಷ್ಠಿ ಎಲ್ಲಿ ಹೋಯ್ತು ಅಂತ ಯಾರೂ ಹುಡುಕಲ್ಲ, ಅಲ್ವಾ? ಕಾರಣ ಬೇರೆ, ಆದರೆ ಎಣಿಕೆ ಹಾರುವ ರೀತಿ ಹೀಗೇ.

ಹಾರಿಸಬೇಕಾಗಿ ಬಂದದ್ದು ಹನ್ನೊಂದು ನಿಮಿಷದ ದೆಸೆಯಿಂದ. ಜೂಲಿಯಸ್ ಸೀಸರ್ ತಂದ ಕ್ಯಾಲೆಂಡರಿನಲ್ಲಿ ವರ್ಷಕ್ಕೆ 365 ದಿನ, 6 ಗಂಟೆ. ನಿಜವಾದ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಚಿಕ್ಕದು. ಸುಮಾರು 128 ವರ್ಷಕ್ಕೆ ಒಂದು ದಿನದ ಸಾಲ ಬೆಳೆಯುತ್ತದೆ. ಈಸ್ಟರ್ ಹಬ್ಬ ನಿಂತಿರುವುದು ವಸಂತದಲ್ಲಿ ಹಗಲು ರಾತ್ರಿ ಸಮನಾಗುವ ದಿನದ ಮೇಲೆ. ಚರ್ಚ್ ಅದನ್ನು ಮಾರ್ಚ್ 21 ಅಂತ ಗೊತ್ತು ಮಾಡಿಕೊಂಡಿತ್ತು. ಹದಿನಾರನೇ ಶತಮಾನದ ಹೊತ್ತಿಗೆ ಸೂರ್ಯ ಮಾರ್ಚ್ 11ಕ್ಕೇ ಆ ಕೆಲಸ ಮುಗಿಸಿರುತ್ತಿದ್ದ.

ವ್ಯಾಟಿಕನ್‌ನಲ್ಲಿ ಗಾಳಿಗೋಪುರ ಅಂತ ಒಂದಿದೆ. ಅಲ್ಲಿನ ಒಂದು ಕೋಣೆಯ ಗೋಡೆ ಮೇಲೆ ದಕ್ಷಿಣದ ಗಾಳಿಯ ಚಿತ್ರ, ಅದರ ಬಾಯಲ್ಲಿ ಒಂದು ತೂತು. ಮಧ್ಯಾಹ್ನದ ಬಿಸಿಲು ಆ ತೂತಿನಿಂದ ಇಳಿದು ನೆಲದ ಗೆರೆಯ ಮೇಲೆ ಬಿಲ್ಲೆಯ ಹಾಗೆ ಬೀಳುತ್ತದೆ. ಗೆರೆ ಎಳೆದವನು ಇಗ್ನಾಜಿಯೊ ದಾಂತಿ ಎಂಬ ಡೊಮಿನಿಕನ್ ಸನ್ಯಾಸಿ. ಕ್ಯಾಲೆಂಡರ್ ಮಾರ್ಚ್ 21 ಅನ್ನುವ ದಿನ ನೋಡಿದರೆ, ಬಿಸಿಲಿನ ಬಿಲ್ಲೆ ತನ್ನ ಗುರುತನ್ನು ದಾಟಿ ಮುಂದೆ ಹೋಗಿ ಕೂತಿರುತ್ತಿತ್ತು. ಗಣಿತ ಗೊತ್ತಿಲ್ಲದವರಿಗೂ ಕಾಣುವ ತಪ್ಪು.

ದಾರಿ ಹೇಳಿದವನು ದಕ್ಷಿಣ ಇಟಲಿಯ ವೈದ್ಯ ಲುಯಿಜಿ ಲಿಲಿಯೊ. ಅವನು ತೀರಿಕೊಂಡ ಮೇಲೆ ಲೆಕ್ಕವನ್ನು ಹಿಡಿದು ನಿಲ್ಲಿಸಿದವನು ಜೆಸ್ಯೂಟ್ ಪಾದ್ರಿ ಕ್ಲಾವಿಯಸ್. 1582ರ ಫೆಬ್ರುವರಿ 24ರಂದು ಪೋಪ್ ಹದಿಮೂರನೇ ಗ್ರೆಗರಿ ಆಜ್ಞೆ ಹೊರಡಿಸಿದ. ಹತ್ತು ದಿನ ತೆಗೆಯಬೇಕು. ಮುಂದೆ 1700, 1800, 1900ರಂಥ ವರ್ಷಗಳಿಗೆ ಫೆಬ್ರುವರಿ 29 ಇಲ್ಲ. 400ರಿಂದ ಭಾಗವಾಗುವ 1600, 2000ಕ್ಕೆ ಮಾತ್ರ ಉಂಟು. ನನಗೆ ಇಷ್ಟವಾದ ಮಾತು ಇನ್ನೊಂದಿದೆ: ಗಡುವಿನ ವ್ಯಾಜ್ಯ ಬಂದರೆ ನ್ಯಾಯಾಧೀಶರು ಹತ್ತು ದಿನ ಸೇರಿಸಿ ಲೆಕ್ಕ ಹಾಕಬೇಕು ಅಂತಲೂ ಆಜ್ಞೆಯಲ್ಲಿತ್ತು. ಸಾಲಗಾರರ ಚಿಂತೆ ಪೋಪ್‌ಗೂ ಗೊತ್ತಿತ್ತು.

ಇಲ್ಲಿ ಒಂದು ತಮಾಷೆ. ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಅಂದ ಕೋಪರ್ನಿಕಸ್, ಅದನ್ನು ಹೇಳುವ 1543ರ ತನ್ನ ಪುಸ್ತಕವನ್ನು ಅರ್ಪಿಸಿದ್ದು ಒಬ್ಬ ಪೋಪ್‌ಗೇ. ಕ್ಯಾಲೆಂಡರ್ ತಿದ್ದಲು ತನ್ನ ಕೆಲಸದಿಂದ ಚರ್ಚ್‌ಗೆ ಉಪಯೋಗವಾದೀತು ಅಂತ ಅದರಲ್ಲಿ ಬರೆದಿದ್ದ. 1616ರಲ್ಲಿ ಅದೇ ಚರ್ಚ್, ತಿದ್ದುವವರೆಗೆ ಓದಬೇಡಿ ಅಂತ ಆ ಪುಸ್ತಕವನ್ನು ತಡೆಹಿಡಿಯಿತು. ಕ್ಯಾಲೆಂಡರ್ ಕಾದ ಕ್ಲಾವಿಯಸ್ ಕೂಡ ಭೂಮಿ ತಿರುಗುತ್ತದೆ ಅನ್ನುವುದನ್ನು ಒಪ್ಪಿರಲಿಲ್ಲ. ಒಪ್ಪುವ ಅಗತ್ಯವೂ ಇರಲಿಲ್ಲ ಅನ್ನಿ. ಸೂರ್ಯ ತಿರುಗಲಿ, ಭೂಮಿ ತಿರುಗಲಿ, ವರ್ಷದ ಉದ್ದ ಅಷ್ಟೇ. ಆ ಕಾಲದ ಚರ್ಚ್ ಅಂದರೆ ಸುಮ್ನೆ ವಿಜ್ಞಾನದ ವೈರಿ ಅಂದುಬಿಡುವುದು ನನಗೆ ಸರಿ ಕಾಣುವುದಿಲ್ಲ. ಆಕಾಶವನ್ನು ಅಳೆಯಲು ಅದು ದುಡ್ಡು, ಜಾಗ, ಜನ ಎಲ್ಲ ಕೊಟ್ಟಿತು. ಅಳತೆಗೆ ಅರ್ಥ ಹಚ್ಚುವ ಹಕ್ಕು ಮಾತ್ರ ತನ್ನದು ಅಂದಿತು.

ಜಗಳ ಹತ್ತಿದ್ದೂ ಆ ಹಕ್ಕಿನ ಮೇಲೆಯೇ. ಜರ್ಮನಿಯ ಸನ್ಯಾಸಿ ಲೂಥರ್ ರೋಮ್‌ಗೆ ಎದುರು ನಿಂತು ಆಗಲೇ ಅರುವತ್ತು ವರ್ಷ ದಾಟಿತ್ತು. ಇಟಲಿ, ಸ್ಪೇನ್, ಪೋರ್ಚುಗಲ್ ತಕ್ಷಣ ಒಪ್ಪಿದವು. ಪೋಪ್‌ನ ಅಧಿಕಾರ ಒಪ್ಪದ ಪ್ರಾಟೆಸ್ಟೆಂಟರು ಮಾತ್ರ ನಮ್ಮ ಹಬ್ಬದ ದಿನ ಹೇಳಲು ಪೋಪ್ ಯಾರು ಅಂದರು. ಎರಡೂ ಪಂಗಡದವರಿದ್ದ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ 1584ರಲ್ಲಿ ಈ ವಿಷಯಕ್ಕೇ ದಂಗೆಯಾಯಿತು. ಹೊಸ ಕ್ಯಾಲೆಂಡರನ್ನು ವಿರೋಧಿಸಿದ ಪಾದ್ರಿಯೊಬ್ಬನನ್ನು ಊರಾಡಳಿತ ಹೊರಹಾಕಲು ಹೋಗಿ ಜನ ಬೀದಿಗಿಳಿದರು. ಲೂಥರನ ಪಂಥದವನೇ ಆದ ಕೆಪ್ಲರ್ ಲೆಕ್ಕ ಸರಿಯಾಗಿದೆ, ಒಪ್ಪಿಕೊಳ್ಳಿ ಅಂತ ವಾದಿಸಿದ. ಅವನ ಮಾತು ನಡೆಯಲಿಲ್ಲ. ಜರ್ಮನಿಯ ಪ್ರಾಟೆಸ್ಟೆಂಟ್ ರಾಜ್ಯಗಳು ಬದಲಾದದ್ದು 1700ರಲ್ಲಿ. ಇಂಗ್ಲೆಂಡ್ 1752ರವರೆಗೆ ಕಾಯಿತು. ಅಷ್ಟರಲ್ಲಿ ಬಾಕಿ ಹನ್ನೊಂದು ದಿನಕ್ಕೆ ಏರಿತ್ತು. ಸೆಪ್ಟೆಂಬರ್ 2ರ ಮಾರನೇ ದಿನ 14 ಬಂತು. ‘ನಮ್ಮ ಹನ್ನೊಂದು ದಿನ ವಾಪಸ್ ಕೊಡಿ’ ಅಂತ ಅಲ್ಲಿ ಜನ ದೊಂಬಿ ಎದ್ದರಂತೆ ಅನ್ನುವ ಕಥೆ ಓದಿರಬಹುದು. ಅದಕ್ಕೆ ಗಟ್ಟಿ ಸಾಕ್ಷಿ ಇಲ್ಲ.

ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಅನ್ನುವುದು ಶಾಲೆಯಲ್ಲಿ ಕೇಳಿದ ಮಾತು. ಗೆಲಿಲಿಯೊ ತೀರಿಕೊಂಡದ್ದು 1642ರ ಜನವರಿ 8, ಇಟಲಿಯ ಹೊಸ ಲೆಕ್ಕದಲ್ಲಿ. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25, ಇಂಗ್ಲೆಂಡಿನ ಹಳೇ ಲೆಕ್ಕದಲ್ಲಿ. ಇಬ್ಬರನ್ನೂ ಹೊಸ ಲೆಕ್ಕಕ್ಕೆ ತಂದರೆ ನ್ಯೂಟನ್ ಹುಟ್ಟುವುದು 1643ರ ಜನವರಿ 4ಕ್ಕೆ.

ಹತ್ತಿರದಲ್ಲಿ ಲಿನಕ್ಸ್ ಕಂಪ್ಯೂಟರ್ ಇದ್ದರೆ ಅದರ ಹಳೆಯ ‘ಕ್ಯಾಲ್’ ಕಮ್ಯಾಂಡಿಗೆ 1752ರ ಸೆಪ್ಟೆಂಬರ್ ಕೇಳಿ ನೋಡಿ. 2ರ ಪಕ್ಕದಲ್ಲಿ 14 ಇರುತ್ತದೆ. ನಿಮ್ಮ ಮೊಬೈಲ್ ಪೋಪ್ ಮಾತು ಕೇಳಿದೆ, ಅದು ಇಂಗ್ಲೆಂಡಿನ ಪಾರ್ಲಿಮೆಂಟ್ ಮಾತು ಕೇಳಿದೆ.