ವೇಗದ ಓಟಕ್ಕೆ ಒಂದು ಜೊತೆ ಶೂ: ಅಂಗಡಿಯಲ್ಲಿ ಗೊತ್ತಾಗದ ಸಂಗತಿಗಳು

70 ಕಿಲೋ ತೂಗುವ ಒಬ್ಬರು ಅಂಗಡಿಯಲ್ಲಿ ಹೊಸ ಶೂ ಹಾಕಿಕೊಂಡು ಎರಡೂ ಕಾಲೂರಿ ನಿಂತಾಗ ಒಂದೊಂದು ಶೂ ಮೇಲೆ ಬೀಳುವ ಭಾರ 35 ಕಿಲೋ. ಅವರೇ ಕಿಲೋಮೀಟರಿಗೆ 5 ನಿಮಿಷದಂತೆ ಓಡುವಾಗ ಒಂದು ಪಾದ ನೆಲದ ಮೇಲಿರುವುದು ಸುಮಾರು ಕಾಲು ಸೆಕೆಂಡ್. ಅಷ್ಟರೊಳಗೆ ಆ ಒಂದೇ ಶೂ ಮೇಲೆ ಮೈತೂಕದ ಎರಡೂವರೆ ಪಟ್ಟು, ಅಂದರೆ 175 ಕಿಲೋ ಭಾರ ಹೇರಿದಷ್ಟು ಒತ್ತಡ ಬಿದ್ದುಹೋಗಿರುತ್ತದೆ. ನಿಂತಾಗಿನದಕ್ಕಿಂತ ಐದು ಪಟ್ಟು. ಅಂಗಡಿಯಲ್ಲಿ ‘ಎಷ್ಟು ಮೆತ್ತಗಿದೆ’ ಎನ್ನಿಸಿದ ಶೂ ಟೆಂಪೋ ಓಟದಲ್ಲಿ (ಒಂದೇ ಜೋರು ವೇಗವನ್ನು ಬಹಳ ಹೊತ್ತು ಕಾಯ್ದುಕೊಳ್ಳುವ ಓಟ) ಪೂರಾ ಅದುಮಿಹೋಗಿ ನೆಲ ಬಡಿದಂತಾಗುವುದಕ್ಕೂ, ಅಲ್ಲಿ ಗಡುಸು ಎನ್ನಿಸಿದ್ದು ರಸ್ತೆಯಲ್ಲಿ ಪುಟಿಯುವುದಕ್ಕೂ ಇದೇ ಕಾರಣ.

ಇಲ್ಲಿ ಹೇಳಹೊರಟಿರುವುದು ರೇಸಿಗೆಂದೇ ಎತ್ತಿಡುವ ಶೂ ಬಗ್ಗೆ ಅಲ್ಲ, ದಿನನಿತ್ಯದ ನಿಧಾನ ಓಟದ ದಪ್ಪ ಶೂ ಬಗ್ಗೆಯೂ ಅಲ್ಲ. ಇವೆರಡರ ನಡುವಿನದು. ಒಂದೇ ಬೆಳಗ್ಗೆ ಕಿಲೋಮೀಟರಿಗೆ 6 ನಿಮಿಷ 30 ಸೆಕೆಂಡಿನ ಪೇಸಿನಲ್ಲಿ 2 ಕಿ.ಮೀ. ಮೈ ಬೆಚ್ಚಗಾಗಿಸಿಕೊಂಡು, 4 ನಿಮಿಷ 45 ಸೆಕೆಂಡಿನ ಪೇಸಿನಲ್ಲಿ ಐದು ಸಲ 1 ಕಿ.ಮೀ. ಓಡಿ, ದಣಿದ ಕಾಲಲ್ಲೇ 2 ಕಿ.ಮೀ. ಜಾಗ್ ಮಾಡಿಕೊಂಡು ಮನೆಗೆ ಮರಳುವಷ್ಟಕ್ಕೂ ಸಾಲಬೇಕು. ತಯಾರಕರು ಇದಕ್ಕೆ ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಸಾಕನಿ ಎಂಡಾರ್ಫಿನ್ ಸ್ಪೀಡ್ ಶೂನಲ್ಲಿ ಪುಟಿಯುವ ಫೋಮಿನ ಮಧ್ಯೆ ಬಾಗುವ ನೈಲಾನ್ ಪ್ಲೇಟ್ ಇದೆ. ಆಡಿಡಾಸ್ ಬಾಸ್ಟನ್ 12ರಲ್ಲಿ ಗಾಜಿನ ನಾರಿನ ಕಡ್ಡಿಗಳಿವೆ. ನ್ಯೂ ಬ್ಯಾಲೆನ್ಸ್ ರೆಬೆಲ್ ಪ್ಲೇಟಿನ ಗೊಡವೆಗೇ ಹೋಗದೆ ಫೋಮನ್ನೇ ನಂಬಿದೆ.

ನೋಡಬೇಕಾದದ್ದು ಮೊದಲು ಫೋಮನ್ನೇ. ಮಿಡ್‌ಸೋಲ್ (ಪಾದಕ್ಕೂ ತಳದ ರಬ್ಬರಿಗೂ ನಡುವಿನ ಫೋಮ್ ಪದರ) ಅದುಮಿದಾಗ ಹೀರಿಕೊಂಡ ಶಕ್ತಿಯಲ್ಲಿ ಎಷ್ಟನ್ನು ಅದು ವಾಪಸ್ ಕೊಡುತ್ತದೆ ಎನ್ನುವುದು ಅದರ ರಾಸಾಯನಿಕ ಗುಣಕ್ಕೆ ಸೇರಿದ್ದು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಶೂಗಳನ್ನು ಯಂತ್ರದಲ್ಲಿ ಅದುಮಿ ಅಳೆದಿದ್ದರು. ಹಳೆಯ ಬಗೆಯ ಇವಿಎ ಫೋಮ್ ಸುಮಾರು 66%, ಟಿಪಿಯು ಫೋಮ್ 76%, ಹೊಸ ಪೀಬಾ ಫೋಮಿನ ಮಾದರಿ ಶೂ 87% ಶಕ್ತಿ ಮರಳಿಸಿದವು (ಇವಿಎ, ಟಿಪಿಯು, ಪೀಬಾ ಮೂರೂ ಬೇರೆ ಬೇರೆ ಬಗೆಯ ಪ್ಲಾಸ್ಟಿಕ್ಕಿನ ಹೆಸರು). ತೂಕದ ವ್ಯತ್ಯಾಸ ಅಡ್ಡ ಬರಬಾರದೆಂದು ಹಗುರ ಶೂಗಳಿಗೆ ಸೀಸದ ಗುಂಡು ಸೇರಿಸಿದ್ದರು. 18 ಓಟಗಾರರು ಪೀಬಾ ಶೂನಲ್ಲಿ ಸರಾಸರಿ 4% ಕಡಿಮೆ ಶಕ್ತಿ ಖರ್ಚು ಮಾಡಿದರು.

ಆದರೆ ಆ 18 ಮಂದಿ 10 ಕಿ.ಮೀ.ಯನ್ನು 31 ನಿಮಿಷದೊಳಗೆ ಓಡಬಲ್ಲವರು. ಅಳತೆ ನಡೆದದ್ದು ಗಂಟೆಗೆ 14ರಿಂದ 18 ಕಿ.ಮೀ. ವೇಗದಲ್ಲಿ. ಇಂಥದೇ ಶೂಗಳನ್ನು ಮುಂದೆ 10 ಮತ್ತು 12 ಕಿ.ಮೀ. ವೇಗದಲ್ಲಿ ಪರೀಕ್ಷಿಸಿದಾಗ ಲಾಭ 1%ರ ಆಸುಪಾಸಿಗೆ ಇಳಿಯಿತು. ಕೆಲವರಿಗೆ ಲಾಭವೇ ಇರಲಿಲ್ಲ. ಪೆಟ್ಟಿಗೆಯ ಮೇಲಿನ ಶೇಕಡಾವಾರನ್ನು ನಮ್ಮ ಪೇಸಿಗೆ ಹಾಗೇ ಅನ್ವಯಿಸಿಕೊಳ್ಳಬಾರದು ಎನ್ನುವುದು ಇದಕ್ಕೇ. ಪ್ಲೇಟಿನ ಕತೆಯೂ ಅಷ್ಟೆ. ಕಾರ್ಬನ್ ಪ್ಲೇಟನ್ನು ಅಡ್ಡಡ್ಡಲಾಗಿ ಆರು ಕಡೆ ಕೊಯ್ದು ಅದರ ಬಿಗಿ ಸಡಿಲಿಸಿ ಓಡಿಸಿ ನೋಡಿದ ಪ್ರಯೋಗವಿದೆ. ಶಕ್ತಿಯ ಖರ್ಚು ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ತರಬೇತಿ ಶೂನಲ್ಲಿ ಪ್ಲೇಟಿನ ನಿಜವಾದ ಉಪಯೋಗ ಬೇರೆ: ಎತ್ತರದ ಮೆತ್ತನೆ ಫೋಮ್ ಮುಂಗಾಲಿನ ಕೆಳಗೆ ಅತ್ತಿತ್ತ ಕುಸಿಯದಂತೆ ಅದು ಹಿಡಿದುಕೊಳ್ಳುತ್ತದೆ.

ತೂಕದ ಲೆಕ್ಕ ಸರಳ. ಒಂದೊಂದು ಶೂಗೆ 100 ಗ್ರಾಂ ಸೇರಿದರೆ ಆಮ್ಲಜನಕದ ಬಳಕೆ ಸುಮಾರು 1% ಏರುತ್ತದೆ, 3,000 ಮೀಟರ್ ಓಟ 0.78% ನಿಧಾನವಾಗುತ್ತದೆ. ಅದೇ ಅನುಪಾತವನ್ನು 10 ಕಿ.ಮೀ.ಗೆ 50 ನಿಮಿಷ ತೆಗೆದುಕೊಳ್ಳುವವರಿಗೆ ಹಿಗ್ಗಿಸಿದರೆ, 40 ಗ್ರಾಂ ಹಗುರ ಶೂನಿಂದ ಉಳಿಯುವುದು 9 ಸೆಕೆಂಡ್. ಅಷ್ಟಕ್ಕಾಗಿ ತೆಳ್ಳನೆ ಸೋಲಿನ ಶೂ ಕೊಂಡು ಮೀನಖಂಡ ನೋಯಿಸಿಕೊಳ್ಳುವುದು ಲಾಭದ ವ್ಯಾಪಾರವಲ್ಲ.

ಹೆಚ್ಚು ಹೊತ್ತು ಕೊಟ್ಟು ನೋಡಬೇಕಾದದ್ದು ಶೂ ಆಕಾರವನ್ನು. ಶೂ ಮಗುಚಿ ಹಿಡಿಯಿರಿ. ಹಿಮ್ಮಡಿ ಮತ್ತು ಮುಂಗಾಲಿನ ನಡುವೆ, ಪಾದದ ಕಮಾನಿನ ಕೆಳಗೆ, ಸೋಲ್ ಎಷ್ಟು ಕಿರಿದಾಗುತ್ತದೆ? ಫೋಮ್ ಎತ್ತರ, ಮೆತ್ತಗೆ, ನಡು ಸಣಕಲು—ಮೂರೂ ಒಂದೇ ಶೂನಲ್ಲಿ ಕೂಡಿದರೆ ತಿರುವಿನಲ್ಲಿ ಕಣಕಾಲು ಒಳಗೆ ವಾಲುತ್ತದೆ. ಈಗ ಹಿಮ್ಮಡಿಯನ್ನು ಒಂದು ಕೈಲಿ, ಮುಂಭಾಗವನ್ನು ಇನ್ನೊಂದು ಕೈಲಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ. ಒದ್ದೆ ಟವೆಲಿನಂತೆ ಸುತ್ತಿಕೊಂಡರೆ, ನಡುನಡುವೆ ಬಿಡುವು ಕೊಟ್ಟು ವೇಗವಾಗಿ ಓಡುವ ಇಂಟರ್ವಲ್ ಓಟದ ಕೊನೆಯ ಸುತ್ತುಗಳಲ್ಲಿ ಅದು ಆಸರೆ ಕೊಡುವುದಿಲ್ಲ. ಇದರ ಸಾಕ್ಷಿ ಬೇಕಿದ್ದರೆ ಗೆಳೆಯರೊಬ್ಬರಿಂದ ಮೊದಲ ಮತ್ತು ಕೊನೆಯ ಸುತ್ತಿನಲ್ಲಿ ಹಿಂದಿನಿಂದ ಸ್ಲೋ ಮೋಷನ್ ವಿಡಿಯೋ ತೆಗೆಸಿ, ಹಿಮ್ಮಡಿ ವಾಲುವುದನ್ನು ಹೋಲಿಸಿ. ದಣಿದ ಮೇಲೆ ಕಾಣುವುದೇ ಶೂ ಗುಣ.

ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ವ್ಯತ್ಯಾಸವನ್ನು ಡ್ರಾಪ್ ಎನ್ನುತ್ತಾರೆ. 10 ಮಿ.ಮೀ. ಡ್ರಾಪಿಗೆ ಒಗ್ಗಿದ ಕಾಲನ್ನು ದಿಢೀರನೆ 5ಕ್ಕೆ ಇಳಿಸಿದರೆ ಮೀನಖಂಡ ಮತ್ತು ಅದನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಟೆಂಡನ್ ಹೆಚ್ಚು ದುಡಿಯಬೇಕಾಗುತ್ತದೆ. ಮೊದಲೆರಡು ವಾರ 20 ನಿಮಿಷದ ಓಟಕ್ಕಷ್ಟೇ ಹಾಕಿಕೊಳ್ಳಿ.

ಅಳತೆಗೆ ಸಂಜೆಯೇ ಸರಿ. ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಬೇಕು. ವೇಗದಲ್ಲಿ ಹಿಮ್ಮಡಿ ಜಾರಿದರೆ ಬೊಬ್ಬೆ ಏಳುತ್ತದೆ. ಅದಕ್ಕೆ ಲೇಸನ್ನು ಇನ್ನಷ್ಟು ಬಿಗಿಯುವುದು ತಪ್ಪು, ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ. ಬದಲಿಗೆ ಕೊನೆಯ ಎರಡು ರಂಧ್ರಗಳಲ್ಲಿ ಲೇಸನ್ನು ಅದೇ ಬದಿಯಲ್ಲಿ ಹೊರಗಿನಿಂದ ಒಳಕ್ಕೆ ತೂರಿಸಿ ಎರಡೂ ಕಡೆ ಸಣ್ಣ ಕುಣಿಕೆ ಮಾಡಿ. ಎಡದ ತುದಿಯನ್ನು ಬಲದ ಕುಣಿಕೆಯೊಳಗೆ, ಬಲದ್ದನ್ನು ಎಡದ ಕುಣಿಕೆಯೊಳಗೆ ತೂರಿಸಿ, ಹಿಂದಕ್ಕೆ ಜಗ್ಗಿ ಕಟ್ಟಿ. ಹೀಗೆ ಮಾಡಿದ ಮೇಲೂ ಜಾರುತ್ತಿದ್ದರೆ ಆ ಶೂ ನಿಮ್ಮ ಹಿಮ್ಮಡಿಗೆ ಹೊಲಿದದ್ದಲ್ಲ.

ಇನ್ನು ಓಡಿ ನೋಡುವ ಪರೀಕ್ಷೆ. ಇವತ್ತು ಹೊಸ ಶೂ, ನಾಳೆ ಹಳೆ ಶೂ ಎಂದು ಹೋಲಿಸಿದರೆ ನಿದ್ದೆ, ಬಿಸಿಲು, ಕಾಫಿ ಎಲ್ಲವೂ ಲೆಕ್ಕದಲ್ಲಿ ನುಸುಳುತ್ತವೆ. ಹೊಸ ಶೂನಲ್ಲಿ 20-25 ಕಿ.ಮೀ. ಓಡಿ ಪಳಗಿಸಿಕೊಂಡ ಮೇಲೆ ಎರಡನ್ನೂ ಹಿಡಿದು 400 ಮೀಟರ್ ಟ್ರ್ಯಾಕಿಗೆ ಹೋಗಿ. ಮರಗಳ ದಟ್ಟಣೆಯಲ್ಲಿ ಜಿಪಿಎಸ್ ಗಡಿಯಾರ ದೂರ ತಪ್ಪಿಸುವುದರಿಂದ ಕಬ್ಬನ್ ಪಾರ್ಕ್ ಇದಕ್ಕೆ ಬೇಡ. 15 ನಿಮಿಷ ಮೈ ಬೆಚ್ಚಗಾಗಿಸಿಕೊಂಡು ನಾಲ್ಕು ಸಲ ಎರಡೂವರೆ ಸುತ್ತು, ಅಂದರೆ 1 ಕಿ.ಮೀ. ಓಡಿ. ಸುತ್ತಿಗೆ ಸರಿಯಾಗಿ 2 ನಿಮಿಷ, ನಡುವೆ 3 ನಿಮಿಷ ಬಿಡುವು. ಕ್ರಮ ಹಳೆಯದು, ಹೊಸದು, ಹೊಸದು, ಹಳೆಯದು. ಹೊತ್ತು ಹೋದಂತೆ ಪೇಸ್ ಬದಲಾಗದಿದ್ದರೂ ಎದೆಬಡಿತ ಏರುತ್ತಾ ಹೋಗುತ್ತದೆ. ಈ ಕ್ರಮದಲ್ಲಿ ಆ ಏರಿಕೆ ಎರಡೂ ಶೂಗಳಿಗೆ ಸಮನಾಗಿ ಹಂಚಿಹೋಗುತ್ತದೆ. ಪ್ರತಿ ಓಟದ ಕೊನೆಯ ನಿಮಿಷದ ಸರಾಸರಿ ಬಡಿತ ಬರೆದುಕೊಳ್ಳಿ. ಮಣಿಕಟ್ಟಿನ ಸೆನ್ಸರಿಗಿಂತ ಎದೆಗೆ ಕಟ್ಟಿಕೊಂಡು ಬಡಿತ ಅಳೆಯುವ ಪಟ್ಟಿ ನಂಬಲರ್ಹ. ಒಂದೆರಡು ಬಡಿತದ ವ್ಯತ್ಯಾಸವನ್ನು ಸೊನ್ನೆ ಎಂದೇ ತಿಳಿಯಿರಿ. ಮೂರು ಬೇರೆ ದಿನಗಳಲ್ಲೂ ಒಂದೇ ದಿಕ್ಕಿಗೆ ವಾಲಿದರೆ ಮಾತ್ರ ಅದಕ್ಕೆ ಅರ್ಥವಿದೆ. ಇಷ್ಟು ಮಾಡಿದ ಮೇಲೂ ಶೂಗಳಲ್ಲಿ ವ್ಯತ್ಯಾಸ ಕಾಣದಿರುವುದು ಅಪರೂಪವಲ್ಲ. ಆಗ ಮರುದಿನ ಬೆಳಗ್ಗೆ ಮೀನಖಂಡ ಏನು ಹೇಳುತ್ತದೋ ಅದನ್ನೇ ಕೇಳಿ.

ಹಿಡಿತವನ್ನು ಒಣ ಟ್ರ್ಯಾಕಿನಲ್ಲಿ ಅಳೆಯಲಾಗದು. ಮಳೆ ನಿಂತ ಮೇಲೆ ಪಾಚಿ ಕಟ್ಟಿದ ಸಿಮೆಂಟ್ ಇಟ್ಟಿಗೆಯ ಫುಟ್‌ಪಾತ್, ರಸ್ತೆಯ ಮೇಲಿನ ಬಿಳಿ ಬಣ್ಣದ ಪಟ್ಟೆ, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ—ನಮ್ಮ ಊರುಗಳ ನಿಜವಾದ ಪರೀಕ್ಷೆ ಇಲ್ಲಿದೆ. ತೂಕ ಇಳಿಸಲು ಕೆಲವು ಶೂಗಳ ತಳದಲ್ಲಿ ರಬ್ಬರನ್ನು ಅಲ್ಲಲ್ಲಿ ಬಿಟ್ಟು ಫೋಮನ್ನೇ ನೆಲಕ್ಕೆ ತಾಗಿಸಿರುತ್ತಾರೆ. ಒರಟು ಡಾಂಬರಿನಲ್ಲಿ ಮೊದಲು ಸವೆಯುವುದು ಆ ಜಾಗ. ಮುಂಗಾಲಿನ ಹೊರ ಅಂಚು ಮತ್ತು ಹಿಮ್ಮಡಿಯ ಹೊರ ಮೂಲೆಗೆ ರಬ್ಬರ್ ಇದೆಯೇ ನೋಡಿಕೊಳ್ಳಿ, ಉಳಿದ ಕಡೆ ಇಲ್ಲದಿದ್ದರೂ ನಡೆದೀತು.

ಫೋಮಿಗೆ ಬಿಸಿ ಆಗಿಬರುವುದಿಲ್ಲ. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಕಾರಿನ ಡಿಕ್ಕಿಯೊಳಗೆ ಬಿಟ್ಟ ಶೂನಲ್ಲಿ ಫೋಮ್ ಸುಸ್ತಾಗುತ್ತದೆ, ಅಂಟೂ ಬಿಡುತ್ತದೆ. ಒದ್ದೆಯಾದರೆ ಇನ್‌ಸೋಲ್ ಹೊರತೆಗೆದು, ಒಳಗೆ ದಿನಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಿ.

ಕೊಂಡ ದಿನವೇ ಶೂವನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಹಿಂದಿನಿಂದ ಒಂದು ಫೋಟೋ ತೆಗೆದಿಡಿ. ಪ್ರತಿ 100 ಕಿ.ಮೀ.ಗೆ ಅದೇ ಮೇಜು, ಅದೇ ಕೋನದಲ್ಲಿ ಇನ್ನೊಂದು. ಹಿಮ್ಮಡಿ ಒಂದು ಕಡೆಗೆ ವಾಲಿದ್ದರೆ, ಫೋಮಿನ ಪಕ್ಕದ ಸುಕ್ಕುಗಳು ರಾತ್ರಿಯಿಡೀ ಬಿಟ್ಟರೂ ಬಿಚ್ಚಿಕೊಳ್ಳದಿದ್ದರೆ, ತಳದ ರಬ್ಬರ್ ಎಷ್ಟೇ ಹೊಸದಾಗಿ ಕಂಡರೂ ಆ ಜೊತೆಯನ್ನು ವೇಗದ ಓಟದಿಂದ ಬಿಡಿಸಿ ಸಂಜೆಯ ನಡಿಗೆಗೆ ಕೊಡಿ.